ದುರ್ಯೋಧನನ ರಾಗಕ್ಕೆ ವನ್ಸ್‌ಮೋರ್

ನಮ್ಮ ಮಾಲೂರು ಸೀಮೆಯಲ್ಲಿ ದುರ್ಯೋಧನನಾಗಬೇಕಾದರೆ ದುಡ್ಡು ಕೊಡಬೇಕು. ಊರಿನವರು ಸೇರಿ ‘ಕುರುಕ್ಷೇತ್ರ’ ಆಡುವುದೆಂದು ತೀರ್ಮಾನವಾದ ರಾತ್ರಿಯೇ ಪಾರ್ಟುಗಳಿಗೆ ಬೆಲೆ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನ, ಕರ್ಣ, ಭೀಮರಿಗೆ ಹೆಚ್ಚು. ವಿದುರ, ಸಾತ್ಯಕಿಗಳಿಗೆ ಕಡಿಮೆ. ಡ್ರಾಮಾ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಮೈಕ್‌ಸೆಟ್ಟು, ಪಟ್ಟಣದಿಂದ ಬರುವ ದ್ರೌಪದಿ ಕುಂತಿಯರ ಸಂಭಾವನೆ ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ಹಾಡಿದವರಿಗೆ ಕಾಸು ಕೊಡುವುದು ಲೋಕದ ರೂಢಿ. ಹಾಡುವುದಕ್ಕಾಗಿ ತಾವೇ ಕಾಸು ಕೊಡುವ ಜನ ನಮ್ಮವರು.

ನಮ್ಮ ದೊಡ್ಡಪ್ಪ ಹೀಗೆ ದುರ್ಯೋಧನನಾದವರು. ಹಗಲು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣಿನ ಕೆಲಸ, ರಾತ್ರಿ ಭಜನೆ ಮನೆಯಲ್ಲಿ ಪ್ರಾಕ್ಟೀಸು. ಒಂದು ವರ್ಷ ಕರೆಯುವ ಹಸು ಮಾರಿ ಪಾರ್ಟು ತೆಗೆದುಕೊಂಡರು. ದೊಡ್ಡಮ್ಮ ಎಂಟು ದಿನ ಮಾತು ಬಿಟ್ಟಿದ್ದರು. ನಾಟಕದ ದಿನ ಸಂಜೆಯಿಂದಲೇ ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಜಾಗ ಹಿಡಿದವರೂ ಅವರೇ.

ಆ ರಾತ್ರಿ ನನಗೆ ಹತ್ತೋ ಹನ್ನೊಂದೋ ವಯಸ್ಸು. ದೇವಸ್ಥಾನದ ಮುಂದಿನ ಬಯಲಲ್ಲಿ ಸುತ್ತಲ ಹಳ್ಳಿಗಳ ಜನ ಕಂಬಳಿ ಹೊದ್ದು, ನಿದ್ದೆ ಹೋದ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಗಂಟೆ ಮೂರು ದಾಟಿತ್ತು. ವೈಶಂಪಾಯನ ಸರೋವರದ ಸೀನು. ತಮ್ಮಂದಿರು ಸತ್ತು, ಕರ್ಣ ಸತ್ತು, ಕೈಯಲ್ಲಿ ಗದೆಯೊಂದೇ ಉಳಿದ ದುರ್ಯೋಧನ ಒಬ್ಬನೇ ಬರುತ್ತಾನೆ. ಮೇಷ್ಟ್ರು ಕಾಲು ಹಾರ್ಮೋನಿಯಂ ಮೇಲೆ ಮುಖಾರಿ ಹಿಡಿದರು. ತಬಲ ಸುಮ್ಮನಾಯಿತು. ದೊಡ್ಡಪ್ಪ ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದು ನಿಂತು ಕಂದಪದ್ಯ ಎತ್ತಿಕೊಂಡರು. ಪದ್ಯದ ಮಾತು ಬೇಗ ಮುಗಿಯಿತು. ಆಮೇಲೆ ಉಳಿದದ್ದು ಕೊನೆಯ ಒಂದು ಅಕ್ಷರ. ಆ ಅಕ್ಷರವನ್ನೇ ಹಿಡಿದು ಮೇಲಿನ ಷಡ್ಜಕ್ಕೆ ಹೋದರು, ಅಲ್ಲೇ ಸುತ್ತಿದರು, ಇಳಿದರು, ಮತ್ತೆ ಹತ್ತಿದರು. ಬೀಡಿ ಹಚ್ಚಲು ಎದ್ದವರು ಕಡ್ಡಿ ಗೀರದೆ ನಿಂತರು. ಹಿಂದಿನಿಂದ ‘ವನ್ಸ್‌ಮೋರ್’ ಎಂಬ ಕೂಗು ಎದ್ದಿತು. ಬಯಲೆಲ್ಲ ಅದನ್ನೇ ಕೂಗಿತು. ಯಾರೋ ಓಡಿಹೋಗಿ ಹಾರ ಹಾಕಿ, ಎದೆಯ ಮೇಲೆ ನೋಟು ಸಿಕ್ಕಿಸಿದರು. ಮೈಕಿನಲ್ಲಿ ಅವರ ಹೆಸರು ಹೇಳಿದರು. ದೊಡ್ಡಪ್ಪ ಅದೇ ಪದ್ಯವನ್ನು ಮೊದಲಿಂದ ಹಾಡಿದರು. ಎರಡನೆಯ ಸಲ ಇನ್ನೂ ನಿಧಾನವಾಗಿ, ಕೆಳಗಿನ ಸ್ವರಗಳಲ್ಲಿ ಹೆಚ್ಚು ಹೊತ್ತು ನಿಂತು.

ಅಲ್ಲಿ ಕೂತ ಯಾರೂ ತಾವು ಶಾಸ್ತ್ರೀಯ ಸಂಗೀತ ಕೇಳುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಅವರು ನಾಟಕ ನೋಡಲು ಬಂದಿದ್ದರು, ಮನರಂಜನೆಗೆ ಬಂದಿದ್ದರು.

ಇದೆಲ್ಲ ನೆನಪಾದದ್ದು ಬೆಂಗಳೂರಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳಿಂದ. ಫೋನಿನಲ್ಲಿ ಯಾವುದೋ ಒಪೆರಾದ ತುಣುಕು ನೋಡುತ್ತಿದ್ದವಳು ತಲೆಯೆತ್ತಿ ಕೇಳಿದಳು: ‘ಚಿಕ್ಕಪ್ಪ, ಇದನ್ನ ನೋಡೋರಿಗೆ ನಿಜವಾಗ್ಲೂ ಖುಷಿ ಆಗುತ್ತಾ? ನಮ್ಮ ಸಂಗೀತ ಕಛೇರಿಗೆ ಹೋಗೋರಿಗೂ ಅಷ್ಟೇ. ಖುಷಿ ಆಗುತ್ತೆ ಅಂತ ಹೋಗ್ತಾರಾ, ಇಲ್ಲ ದೊಡ್ಡ ವಿದ್ಯೆ ಅನ್ನೋ ಗೌರವಕ್ಕೆ ಕೂತಿರ್ತಾರಾ?’

ಆ ಹುಡುಗಿಯ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಹಾಗಾಗಿ ಗಂಭೀರವಾಗಿಯೇ ಉತ್ತರ ಕೊಡಬೇಕೆನ್ನಿಸಿತು. ಮೊದಲು ಹೊಳೆದದ್ದು ಮಾತಿನ ಬೇರು. ರಾಗ ಎಂಬ ಪದವೂ ರಂಜನೆ ಎಂಬ ಪದವೂ ಒಂದೇ ಧಾತುವಿನಿಂದ ಹುಟ್ಟಿದವು. ಬಣ್ಣ ಹಚ್ಚುವುದು, ಮನಸ್ಸಿಗೆ ಹಿತವಾಗುವುದು ಎರಡೂ ಅದರ ಅರ್ಥ. ಮತಂಗ ಮುನಿ ತನ್ನ ‘ಬೃಹದ್ದೇಶಿ’ಯಲ್ಲಿ ರಾಗಕ್ಕೆ ಲಕ್ಷಣ ಹೇಳುವಾಗ ಜನರ ಮನಸ್ಸನ್ನು ರಂಜಿಸುವುದನ್ನೇ ಮುಖ್ಯವಾಗಿ ಹಿಡಿದ. ಪಂಡಿತರ ಮನಸ್ಸು ಎನ್ನಲಿಲ್ಲ, ಜನರ ಮನಸ್ಸು ಎಂದ. ಶಾಸ್ತ್ರದ ಗ್ರಂಥವೇ ಹೀಗೆ ಹೇಳಿರುವಾಗ, ರಾಗಕ್ಕೂ ಮನರಂಜನೆಗೂ ಸಂಬಂಧವಿಲ್ಲ ಎಂಬ ಭಾವನೆ ನಮಗೆ ಎಲ್ಲಿಂದ ಬಂತು?

ನನ್ನ ಮಟ್ಟಿಗೆ ಇದಕ್ಕೆ ಉತ್ತರ ಭಜನೆ ಮನೆಯಲ್ಲಿದೆ. ಪೌರಾಣಿಕ ನಾಟಕದ ಪ್ರಾಕ್ಟೀಸು ನೋಡಿದವರಿಗೆ ಗೊತ್ತು, ಅಲ್ಲಿ ಮೊದಲು ಕಲಿಸುವುದು ಮಾತನ್ನಲ್ಲ, ಹಾಡನ್ನು. ಮೇಷ್ಟ್ರು ಬಂದು ಒಬ್ಬೊಬ್ಬನ ಕಂಠ ನೋಡುತ್ತಾರೆ. ಹಾರ್ಮೋನಿಯಂನಲ್ಲಿ ಎಷ್ಟನೇ ಮನೆಗೆ ಇವನ ಶ್ರುತಿ ನಿಲ್ಲುತ್ತದೆ, ಮೇಲೆ ಎಷ್ಟು ಹೋಗುತ್ತಾನೆ ಎಂದು ತಿಳಿದ ಮೇಲೆ ರಾಗ ಗೊತ್ತುಮಾಡುತ್ತಾರೆ. ಸಭೆಗೆ ಬರುವ ದುರ್ಯೋಧನನಿಗೆ ಆರಭಿ ಅಥವಾ ಅಠಾಣ, ಕೃಷ್ಣನಿಗೆ ಮೋಹನ, ದ್ರೌಪದಿಯ ಗೋಳಿಗೆ ಮುಖಾರಿ, ಕರ್ಣನಿಗೆ ಕುಂತಿ ತಾನು ತಾಯಿ ಎಂದು ಹೇಳುವ ಕಡೆ ಸಿಂಧುಭೈರವಿ. ಎಲ್ಲ ಮೇಷ್ಟ್ರುಗಳೂ ಒಂದೇ ರೀತಿ ಹಾಕುವುದಿಲ್ಲ. ಒಬ್ಬೊಬ್ಬರದು ಒಂದೊಂದು ಹಾದಿ. ಹಿಂದೋಳ, ಕಲ್ಯಾಣಿ, ಬಿಲಹರಿ, ಕಾಂಬೋಧಿ, ಮಾಂಡ್, ಬೇಹಾಗ್, ಭೀಮ್‌ಪಲಾಸ್ ಎಲ್ಲವೂ ಬರುತ್ತವೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎಂಬ ಗಡಿ ಅಲ್ಲಿಲ್ಲ. ಸರಳೆ, ಜಂಟಿವರಸೆ ಕೇಳಿಯೇ ಇರದ ಇಟ್ಟಿಗೆ ಗೂಡಿನ ಆಳು, ಆಲೂಗಡ್ಡೆ ಬೆಳೆಯುವ ರೈತ, ಬಸ್ಸಿನ ಕಂಡಕ್ಟರು ಮೂರು ತಿಂಗಳಲ್ಲಿ ಏಳೆಂಟು ರಾಗಗಳ ನಡೆ ಕಲಿಯುತ್ತಾರೆ. ಹೆಸರು ಗೊತ್ತಿರುವುದಿಲ್ಲ. ‘ಕರ್ಣನ ಕೊನೆ ಪದ್ಯದ ರಾಗ’ ಎಂದು ಗುರುತು ಇಟ್ಟುಕೊಂಡಿರುತ್ತಾರೆ. ನನಗೆ ಆ ಗುರುತು ಬಹಳ ದೊಡ್ಡದೆಂದು ತೋರುತ್ತದೆ. ರಾಗಕ್ಕೆ ಅಲ್ಲಿ ಒಬ್ಬ ಯಜಮಾನನಿದ್ದಾನೆ. ಅವನಿಗೊಂದು ಕಷ್ಟವಿದೆ.

ಕಂದಪದ್ಯವನ್ನು ಹಾಡುವ ಕ್ರಮದಲ್ಲೇ ಇದರ ಗುಟ್ಟಿದೆ. ಪದ್ಯಕ್ಕೆ ತಾಳವಿಲ್ಲ. ಮೊದಲ ಸಾಲುಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು, ಅಕ್ಷರ ನುಂಗಿದರೆ ಮೇಷ್ಟ್ರು ಅಲ್ಲೇ ನಿಲ್ಲಿಸುತ್ತಾರೆ. ಕತೆ ಏನು, ಇವನಿಗೆ ಏನಾಗಿದೆ, ಏನು ಬೇಕಾಗಿದೆ ಎಂಬುದು ಜನಕ್ಕೆ ಮುಟ್ಟಿದ ಮೇಲೆ ಮಾತ್ರ ಆಲಾಪನೆಗೆ ಹೋಗಲು ಅಪ್ಪಣೆ. ಆಗ ಆಕಾರದಲ್ಲಿ ಎಷ್ಟು ಹೊತ್ತು ತಿರುಗಿದರೂ ಕೇಳುವವನಿಗೆ ದಾರಿ ತಪ್ಪುವುದಿಲ್ಲ. ದುರ್ಯೋಧನನ ಒಂಟಿತನ ಎಂಬ ಹಿಡಿ ಅವನ ಕೈಯಲ್ಲಿರುತ್ತದೆ. ಅದನ್ನು ಹಿಡಿದುಕೊಂಡು ಎಷ್ಟು ಆಳಕ್ಕೆ ಬೇಕಾದರೂ ಇಳಿಯುತ್ತಾನೆ. ಮೊದಲು ಅರ್ಥ, ಆಮೇಲೆ ನಾದ. ಈ ಅನುಕ್ರಮ ತಿಳಿದವನೇ ಒಳ್ಳೆಯ ಮೇಷ್ಟ್ರು.

ಗಡಿಯ ಮಾತೂ ಇಲ್ಲಿ ಬರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಆಚೆ ಆಂಧ್ರ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಹಾಗಾಗಿ ಕನ್ನಡದ ‘ಕುರುಕ್ಷೇತ್ರ’ ಕೇಳಿದ ಕಿವಿಗಳೇ ತೆಲುಗಿನ ಪದ್ಯನಾಟಕವನ್ನೂ ಕೇಳಿವೆ. ತಿರುಪತಿ ವೆಂಕಟ ಕವಿಗಳ ಪಾಂಡವರ ನಾಟಕಗಳ ಪದ್ಯಗಳು, ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ‘ಸತ್ಯ ಹರಿಶ್ಚಂದ್ರ’ದ ಪದ್ಯಗಳು ಈ ಕಡೆಯ ಹಿರಿಯರಿಗೆ ಬಾಯಿಪಾಠ. ಹರಿಶ್ಚಂದ್ರನ ಕಾಟಿ ಸೀನು, ಅಂದರೆ ಮಸಣದ ಸೀನು, ಅದರಲ್ಲೇ ಒಂದು ಪೂರ್ಣ ಕಛೇರಿ. ಕವಿ ಗುರ್ರಂ ಜಾಷುವಾ ಮಸಣವನ್ನು ಕುರಿತು ಬರೆದ ಪದ್ಯಗಳನ್ನು ನಟರು ಆ ಸೀನಿಗೆ ಸೇರಿಸಿಕೊಂಡು ಹಾಡತೊಡಗಿದರು. ಅಸ್ಪೃಶ್ಯತೆಯ ನೋವುಂಡ ಕವಿಯ ಪದ್ಯ, ಮಸಣ ಕಾಯುವ ರಾಜನ ಬಾಯಲ್ಲಿ, ಊರಿನ ಎಲ್ಲ ಜಾತಿಯವರೂ ಕೂತ ಬಯಲಲ್ಲಿ ರಾಗವಾಗಿ ಏಳುವಾಗ ಅದಕ್ಕೆ ಯಾರು ವ್ಯಾಖ್ಯಾನ ಬರೆಯಬೇಕು? ಜನ ಮತ್ತೆ ಮತ್ತೆ ಹಾಡಿಸಿ ಕೇಳಿದರು.

ಈ ಹಳ್ಳಿ ನಾಟಕಗಳು ಹುಟ್ಟಿಕೊಂಡದ್ದು ಕಂಪನಿ ನಾಟಕಗಳ ಮಡಿಲಲ್ಲಿ. 1880ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಕಟ್ಟಿ ಬಸವಪ್ಪಶಾಸ್ತ್ರಿಗಳ ‘ಶಾಕುಂತಲ’ ಆಡಿಸಿದಾಗಿನಿಂದ ಕನ್ನಡ ರಂಗಭೂಮಿ ಹಾಡುತ್ತಲೇ ಬೆಳೆಯಿತು. 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. 1926ರಲ್ಲಿ ತೀರಿಕೊಂಡ ಎ. ವಿ. ವರದಾಚಾರ್ಯರು ಮೈಕಿಲ್ಲದ ಕಾಲದಲ್ಲಿ ತಮ್ಮ ಕಂಠದಿಂದಲೇ ಥಿಯೇಟರು ತುಂಬಿಸಿದವರು. ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಆನೆ ಕುದುರೆ ಹಳ್ಳಿಗೆ ಬರಲಿಲ್ಲ, ಹಾಡು ಬಂತು. ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಅಲ್ಲಿ ಹಾರ್ಮೋನಿಯಂ ಹಿಡಿದವರು, ಸಣ್ಣಪುಟ್ಟ ಪಾರ್ಟು ಮಾಡಿದವರು ಊರೂರಿಗೆ ಮೇಷ್ಟ್ರುಗಳಾಗಿ ಹೋದರು.

ಉತ್ತರ ಕರ್ನಾಟಕದಲ್ಲಿ ಈ ನಂಟು ಇನ್ನೂ ಗಟ್ಟಿ. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿ ನಾಟಕ ಕಂಪನಿ ಸೇರಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮವನ್ನು ನಡೆಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಖಯಾಲ್ ಗಾಯನದ ಇಷ್ಟು ದೊಡ್ಡ ಮನೆಗಳಿಗೆ ನಾಟಕದ ಟಿಕೆಟ್ಟಿನ ಕಾಸು ಅನ್ನ ಹಾಕಿದೆ. ಅದನ್ನು ನಾವು ಹೆಮ್ಮೆಯಿಂದ ಹೇಳಬೇಕು.

ಈಗ ಒಪೆರಾ. ಇಟಲಿಯಲ್ಲಿ ಅರಮನೆಯ ವಿನೋದವಾಗಿ ಹುಟ್ಟಿದ ಅದಕ್ಕೆ ನಿಜವಾದ ಜೀವ ಬಂದದ್ದು 1637ರಲ್ಲಿ, ವೆನಿಸ್ ನಗರದ ಸಾನ್ ಕಸ್ಸಿಯಾನೊ ಥಿಯೇಟರು ಟಿಕೆಟ್ ಕೊಂಡವರಿಗೆಲ್ಲ ಬಾಗಿಲು ತೆರೆದಾಗ. ಅಲ್ಲಿಂದ ಎರಡು ಶತಮಾನಗಳಿಗೂ ಹೆಚ್ಚು ಕಾಲ ಒಪೆರಾ ಮನೆಗಳು ಗದ್ದಲದ ಜಾಗಗಳು. ದೀಪ ಉರಿಯುತ್ತಲೇ ಇರುತ್ತಿದ್ದವು, ಜನ ಮಾತಾಡುತ್ತಿದ್ದರು, ತಿನ್ನುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ತಮಗೆ ಬೇಕಾದ ಹಾಡು ಬಂದಾಗ ಎದ್ದು ನಿಂತು ಮತ್ತೆ ಹಾಡಿಸುತ್ತಿದ್ದರು. ಹಿಡಿಸದಿದ್ದರೆ ಬುಸುಗುಟ್ಟುತ್ತಿದ್ದರು. ಇಂದು ಲೋಕವೆಲ್ಲ ಮೆಚ್ಚುವ ರೊಸ್ಸೀನಿಯ ‘ಸೆವಿಲ್ಲೆಯ ಕ್ಷೌರಿಕ’ವನ್ನು 1816ರಲ್ಲಿ ರೋಮಿನ ಜನ ಮೊದಲ ರಾತ್ರಿ ಹೀಗೆ ಬುಸುಗುಟ್ಟಿ ಓಡಿಸಿದರು. ನಮ್ಮ ಬಯಲಲ್ಲಿ ಶ್ರುತಿ ಬಿಟ್ಟ ಅರ್ಜುನನಿಗೆ ಶಿಳ್ಳೆ ಹೊಡೆಯುವವರನ್ನು ಅವರ ಪಕ್ಕ ಕೂರಿಸಿದರೆ ಮಾತು ಬಾರದಿದ್ದರೂ ಸ್ನೇಹವಾಗುತ್ತಿತ್ತು.

ವರ್ದಿ ಎಂಬ ಸಂಗೀತಗಾರ ಹಳ್ಳಿಯ ಹೋಟೆಲು ಇಟ್ಟವನ ಮಗ. 1851ರಲ್ಲಿ ‘ರಿಗೊಲೆಟ್ಟೊ’ ಆಡುವ ಮುನ್ನ ಅದರ ಒಂದು ಹಾಡನ್ನು ಕೊನೆಯವರೆಗೂ ಗುಟ್ಟಾಗಿ ಇಟ್ಟಿದ್ದನಂತೆ. ಮೊದಲೇ ಹೊರಬಿದ್ದರೆ ವೆನಿಸ್ಸಿನ ದೋಣಿ ನಡೆಸುವವರೆಲ್ಲ ಅದನ್ನೇ ಹಾಡುತ್ತ ತಿರುಗುತ್ತಾರೆ ಎಂಬ ಭಯ. 1901ರಲ್ಲಿ ಅವನು ಸತ್ತಾಗ ಮಿಲಾನಿನ ಬೀದಿಗಳಲ್ಲಿ ಜನಸಾಗರ ಸೇರಿತು. ಗಾಯಕರ ದೊಡ್ಡ ಮೇಳ ಅವನ ಒಪೆರಾದ ಹಾಡನ್ನೇ ಹಾಡಿ ಅವನನ್ನು ಕಳಿಸಿಕೊಟ್ಟಿತು. ಗಣ್ಯರ ಕಲೆ ಎಂದು ಹಣೆಪಟ್ಟಿ ಹಚ್ಚಿಕೊಂಡ ಯಾವ ಸಂಗೀತಕ್ಕೆ ಹೀಗೆ ಬೀದಿ ತುಂಬ ಜನ ಬರುತ್ತಾರೆ?

ಹಣೆಪಟ್ಟಿ ಆಮೇಲೆ ಬಂತು. ಜರ್ಮನಿಯ ವಾಗ್ನರ್ 1876ರಲ್ಲಿ ಬೈರಾಯ್ಟ್ ಎಂಬ ಊರಲ್ಲಿ ತನ್ನದೇ ಥಿಯೇಟರು ಕಟ್ಟಿ, ಪ್ರೇಕ್ಷಕರ ಕಡೆಯ ದೀಪ ಆರಿಸಿ, ವಾದ್ಯದವರನ್ನು ಕಣ್ಣಿಗೆ ಕಾಣದಂತೆ ಹಳ್ಳದಲ್ಲಿ ಕೂರಿಸಿದ. ಕತ್ತಲಲ್ಲಿ ಸುಮ್ಮನೆ ಕೂತು ಒಂದೇ ಮನಸ್ಸಿನಿಂದ ಕೇಳುವ ಕ್ರಮಕ್ಕೆ ಅವನ ದೆಸೆಯಿಂದ ಬಲ ಬಂತು. ಆ ಕ್ರಮದಲ್ಲಿ ಒಳ್ಳೆಯದೂ ಇದೆ. ಸಣ್ಣ ಸ್ವರ ಕೇಳಬೇಕಾದರೆ ಮೌನ ಬೇಕು. ಆದರೆ ಮೌನವೇ ಮರ್ಯಾದೆಯ ಅಳತೆಯಾದಾಗ, ಏನು ನಡೆಯುತ್ತಿದೆ ಎಂದು ತಿಳಿಯದವನು ಕೇಳುವ ಧೈರ್ಯವನ್ನೇ ಕಳೆದುಕೊಳ್ಳುತ್ತಾನೆ. ಒಪೆರಾದವರಿಗೆ ಇದು ಅರ್ಥವಾಯಿತು. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿಗೆ ಹಾಡಿನ ಅರ್ಥವನ್ನು ರಂಗದ ಮೇಲ್ಗಡೆ ಅಕ್ಷರದಲ್ಲಿ ಮೂಡಿಸಿದರು. ಹಳೆಯ ರಸಿಕರು ಸಿಡುಕಿದರು. ಇಂದು ಅದಿಲ್ಲದ ಒಪೆರಾ ಮನೆ ಹುಡುಕಬೇಕು. ಮೊದಲು ಅರ್ಥ, ಆಮೇಲೆ ನಾದ ಎಂಬ ನಮ್ಮ ಮೇಷ್ಟ್ರ ಪಾಠವನ್ನೇ ಅವರು ವಿದ್ಯುತ್ ಅಕ್ಷರಗಳಲ್ಲಿ ಬರೆದಿದ್ದರು.

ನಮ್ಮ ಅಜ್ಜಿಯನ್ನು ಒಮ್ಮೆ ಬೆಂಗಳೂರಿನ ಒಂದು ಸಂಗೀತ ಸಭೆಗೆ ಕರೆದುಕೊಂಡು ಹೋಗಿದ್ದೆ. ಹೆಸರಾಂತ ಗಾಯಕರು. ಕಲ್ಯಾಣಿಯನ್ನು ಬಿಡಿಸುತ್ತ ಬಿಡಿಸುತ್ತ ಒಂದು ಕಡೆ ಮೇಲಿನ ಗಾಂಧಾರದಲ್ಲಿ ನಿಂತಾಗ ಅಜ್ಜಿ ‘ಆಹಾ, ನನ್ನಪ್ಪಾ!’ ಎಂದರು, ಸ್ವಲ್ಪ ಜೋರಾಗಿಯೇ. ಮುಂದಿನ ಸಾಲಿನವರು ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಹಾಗೇ ಕೂತರು. ವಾಪಸು ಬರುವಾಗ ರೈಲಿನಲ್ಲಿ ಕೇಳಿದರು: ‘ಅಷ್ಟ್ ಚೆನ್ನಾಗಿ ಆಡಿದ್ರೂ ಒಬ್ರೂ ವನ್ಸ್‌ಮೋರ್ ಅನ್ಲಿಲ್ವಲ್ಲಪ್ಪ. ಆ ಮಾರಾಯನಿಗೆ ನೋವಾಗಲ್ವಾ?’ ಮಾಲೂರು ಬರುವವರೆಗೂ ನನಗೆ ಉತ್ತರ ಸಿಗಲಿಲ್ಲ.

ಕಛೇರಿಯ ಸಂಪ್ರದಾಯವನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಬಲ್ಲ ರಸಿಕರು ತೊಡೆಯ ಮೇಲೆ ತಾಳ ಹಾಕುತ್ತಾರೆ, ತಲೆದೂಗುತ್ತಾರೆ, ‘ಭೇಷ್’ ಎನ್ನುತ್ತಾರೆ. ಅದನ್ನು ಕೇಳಿದ ಗಾಯಕನ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾವು ಇಂದು ಕೇಳುವ ಕಛೇರಿಯ ಕ್ರಮ ಕೂಡ ಕೇಳುವವರ ಸುಖ ನೋಡಿಯೇ ಕಟ್ಟಿದ್ದು. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ಕಳೆದ ಶತಮಾನದ ಮೊದಲರ್ಧದಲ್ಲಿ ಅದನ್ನು ತಿದ್ದಿದರು: ಮೊದಲಿಗೆ ವರ್ಣ, ಚುರುಕಾದ ಒಂದೆರಡು ಕೃತಿ, ನಡುವೆ ವಿಸ್ತಾರವಾದ ರಾಗ, ತನಿ ಆವರ್ತನ, ಕೊನೆಗೆ ದೇವರನಾಮ, ಜಾವಳಿಯಂಥ ಹಗುರವಾದ ತುಕ್ಕಡಗಳು. ಊಟದ ಎಲೆಗೆ ಬಡಿಸುವ ಹೆಂಗಸಿನ ಬುದ್ಧಿ ಇದರಲ್ಲಿದೆ. ಒಂದೇ ರಾಗವನ್ನು ಗಂಟೆಗಟ್ಟಲೆ ಹಾಡಬಲ್ಲ ವಿದ್ವಾಂಸರು ಆ ಶಕ್ತಿಯನ್ನು ಕೇಳುವವರಿಗಾಗಿ ಹಿಡಿದಿಟ್ಟುಕೊಂಡರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆಯುತ್ತಿರುವ ರಾಮನವಮಿ ಸಂಗೀತೋತ್ಸವದ ಚಪ್ಪರದಲ್ಲಿ ಕೂತವರಿಗೆ ಇದು ಗೊತ್ತು. ಅಲ್ಲಿ ಕೋಸಂಬರಿ ಪಾನಕದ ಬಿಸಿಲುಗಾಲ, ಮಕ್ಕಳ ಓಡಾಟ, ಎದ್ದು ಹೋಗುವವರು, ಬರುವವರು, ಇವೆಲ್ಲದರ ನಡುವೆ ಪಲ್ಲವಿ ನಡೆಯುತ್ತದೆ.

ಒಂದು ವಾದವನ್ನು ಮಾತ್ರ ನಾನು ತಳ್ಳಿಹಾಕಲಾರೆ. ನನ್ನ ಸಂಗೀತಗಾರ ಗೆಳೆಯರೊಬ್ಬರು ಹೇಳುತ್ತಾರೆ, ‘ನಾಟಕದಲ್ಲಿ ರಾಗ ಕತೆಯ ಆಳು. ಕಛೇರಿಯಲ್ಲಿ ರಾಗವೇ ರಾಜ. ಮೊಟಕು ಆಲಾಪನೆಗೆ ಚಪ್ಪಾಳೆ ತಟ್ಟುವ ಕಿವಿಗೆ ಅರ್ಧ ಗಂಟೆಯ ತೋಡಿ ಹೇಗೆ ಹಿಡಿಸುತ್ತದೆ?’ ಮಾತಿನಲ್ಲಿ ಸತ್ಯವಿದೆ. ತೋಡಿಗೆ ಕತೆಯಿಲ್ಲ, ಪಾತ್ರವಿಲ್ಲ. ಆದರೆ ಅದರಲ್ಲಿ ಕಾಯುವಿಕೆ ಇದೆ. ಗಾಯಕ ಒಂದು ಸ್ವರದ ಸುತ್ತಲೇ ಸುಳಿಯುತ್ತಾನೆ, ಮುಟ್ಟಿದಂತೆ ಮಾಡಿ ಹಿಂದೆ ಬರುತ್ತಾನೆ, ನಾವು ಕಾಯುತ್ತೇವೆ, ಕೊನೆಗೆ ಅಲ್ಲಿ ನಿಲ್ಲುತ್ತಾನೆ. ನೆರವಲ್‌ನಲ್ಲಿ ಒಂದೇ ಸಾಲನ್ನು ಹತ್ತು ರೀತಿ ಹೇಳುವಾಗ ಹನ್ನೊಂದನೆಯದು ಹೇಗಿರಬಹುದೆಂದು ಕಾಯುತ್ತೇವೆ. ಲೆಕ್ಕ ಹಾಕಿ ಬಿಟ್ಟ ಕಲ್ಪನಾಸ್ವರ ಸುತ್ತಿ ಸುತ್ತಿ ಸರಿಯಾಗಿ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಬಂದು ಬೀಳುವಾಗ, ಮೃದಂಗದವನೂ ಗಾಯಕನೂ ಮುಖ ಮುಖ ನೋಡಿ ನಗುವಾಗ, ಗದಾಯುದ್ಧ ನೋಡಿದಷ್ಟೇ ಉಸಿರು ಬಿಗಿಯಾಗುತ್ತದೆ. ಈ ನಾಟಕ ನಡೆಯುತ್ತಿದೆ ಎಂದು ಪಕ್ಕದಲ್ಲಿ ಕೂತವರು ಒಂದು ಸಲ ತೋರಿಸಿಕೊಟ್ಟರೆ ಸಾಕು. ನನಗೆ ತೋರಿಸಿಕೊಟ್ಟವರು ನಮ್ಮೂರಿನ ಡ್ರಾಮಾ ಮೇಷ್ಟ್ರು. ರೇಡಿಯೊ ಮುಂದೆ ಕೂರಿಸಿಕೊಂಡು, ‘ಈಗ ನೋಡು, ನಿಷಾದದ ಹತ್ರ ಬಂದ, ದಾಟಲ್ಲ, ದಾಟಲ್ಲ... ದಾಟಿದ!’ ಎನ್ನುತ್ತಿದ್ದರು.

ನಮ್ಮ ಕೋಲಾರ ಜಿಲ್ಲೆಯ ಮಣ್ಣಿಗೆ ಸಂಗೀತದ ಹುಚ್ಚನ್ನು ಕತೆ ಮಾಡಿ ಹೇಳುವ ಗುಣವಿದೆ. ನಮ್ಮ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1928ರಲ್ಲಿ ‘ಸುಬ್ಬಣ್ಣ’ ಬರೆದರು. ಮೈಸೂರಿನ ಪುರಾಣಿಕರ ಮಗ ಓದು ಬಿಟ್ಟು ಹಾಡಿಗೆ ಒಲಿದು, ತಂದೆಯೊಡನೆ ಮುನಿದು, ಕಲ್ಕತ್ತೆಯವರೆಗೂ ಹೋಗಿ ಬದುಕಿದ ಕತೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನೇ ‘ಕಲೋಪಾಸಕರು’ ಎಂದು ಹೆಸರಿಟ್ಟು ಕಲಾವಿದರಿಗೆ ಮೀಸಲಿಟ್ಟರು. ಕೋಲಾರದಲ್ಲಿ 1908ರಲ್ಲಿ ಹುಟ್ಟಿದ ಅ. ನ. ಕೃಷ್ಣರಾಯರು ‘ಸಂಧ್ಯಾರಾಗ’ ಬರೆದರು. ಇಲ್ಲಿ ಮೂವರೂ ಬರೆದದ್ದು ಸಂಗೀತದ ಲಕ್ಷಣಗ್ರಂಥವಲ್ಲ. ಸಂಗೀತಕ್ಕಾಗಿ ಮನೆ, ನಿದ್ದೆ, ನೆಮ್ಮದಿ ಬಿಟ್ಟ ಮನುಷ್ಯರ ಬಗ್ಗೆ ಬರೆದರು. ಅದನ್ನು ಓದಿದವರು ಕಛೇರಿಗೆ ಹೋದಾಗ ಗಾಯಕನ ಹಿಂದೆ ಒಬ್ಬ ಸುಬ್ಬಣ್ಣನನ್ನು ಕಂಡಿರಲೇಬೇಕು.

‘ಸಂಧ್ಯಾರಾಗ’ 1966ರಲ್ಲಿ ಸಿನಿಮಾ ಆಯಿತು. ರಾಜ್‌ಕುಮಾರ್ ಗಾಯಕನ ಪಾತ್ರ ಮಾಡಿದರು. ಅದಕ್ಕೆ ಭೀಮಸೇನ ಜೋಶಿ, ಬಾಲಮುರಳಿ ಕೃಷ್ಣ ಹಾಡಿದರು. ಗದುಗಿನ ಖಯಾಲೂ ಆಂಧ್ರದ ಕರ್ನಾಟಕ ಸಂಗೀತವೂ ಕೂಡಿ ಟೆಂಟ್ ಸಿನಿಮಾದ ಮಣ್ಣು ನೆಲದ ಮೇಲೆ ಕೂತವರಿಗೆ ಸಿಕ್ಕವು. ಒಂಬತ್ತು ವರ್ಷದ ಮೇಲೆ, 1975ರಲ್ಲಿ, ಜಿ. ವಿ. ಅಯ್ಯರ್ ತ.ರಾ.ಸು. ಅವರ ‘ಹಂಸಗೀತೆ’ಯನ್ನು ತೆರೆಗೆ ತಂದಾಗ ಅದರ ಹಾಡಿಗೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಹಾಡುಗಳನ್ನು ಗುನುಗದ ಮನೆ ನಮ್ಮ ಬೀದಿಯಲ್ಲಿರಲಿಲ್ಲ. ಇದೇ ಹೊತ್ತಿಗೆ ನೆನೆಯಬೇಕಾದವರು ಪು. ತಿ. ನರಸಿಂಹಾಚಾರ್ಯರು. ಅವರ ‘ಗೋಕುಲ 
ನಿರ್ಗಮನ’ ಕನ್ನಡದಲ್ಲಿ ಒಪೆರಾ ಎಂಬ ಮಾತಿಗೆ ತೀರ ಹತ್ತಿರದ ಕೃತಿ. ಅದನ್ನು ರಂಗಕ್ಕೆ ತಂದ ಬಿ. ವಿ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು ಎಂಬುದು ನನಗೆ ಆಕಸ್ಮಿಕವೆನ್ನಿಸುವುದಿಲ್ಲ.

ಇನ್ನೂ ಹಿಂದೆ ಹೋದರೆ ಮುಳಬಾಗಿಲಿನ ನರಸಿಂಹತೀರ್ಥ. ಹದಿನೈದನೆಯ ಶತಮಾನದಲ್ಲಿ ಅಲ್ಲಿದ್ದ ಶ್ರೀಪಾದರಾಜರು ಸಂಸ್ಕೃತದ ಮಠದಲ್ಲಿ ಕನ್ನಡದ ಹಾಡಿಗೆ ಪೀಠ ಹಾಕಿಕೊಟ್ಟವರು. ಅವರ ‘ಭ್ರಮರಗೀತೆ’, ‘ವೇಣುಗೀತೆ’, ‘ಗೋಪೀಗೀತೆ’ಗಳಲ್ಲಿ ಮಾತಾಡುವವರು ಯತಿಗಳಲ್ಲ, ಕೃಷ್ಣನ ಮೇಲೆ ಮುನಿದ ಗೋಪಿಯರು, ಯತಿಗಳು ಹೆಣ್ಣಿನ ಪಾತ್ರ ಕಟ್ಟಿ ಹಾಡಿದ್ದಾರೆ. ತತ್ತ್ವ ಹೇಳುವುದಕ್ಕೂ ಅವರಿಗೆ ಒಬ್ಬಳ ವಿರಹ ಬೇಕಾಯಿತು. ಆ ಬೃಂದಾವನದ ಮುಂದೆ ನಿಂತಾಗಲೆಲ್ಲ ನಮ್ಮ ಊರಿನ ಡ್ರಾಮಾ ಮೇಷ್ಟ್ರಿಗೂ ಇವರಿಗೂ ಒಂದು ದೂರದ ನೆಂಟಸ್ತಿಕೆ ಇದೆ ಎಂದೇ ನನಗೆ ಅನ್ನಿಸುತ್ತದೆ. ಮೊದಲು ಕೋಲಾರ ಜಿಲ್ಲೆಗೇ ಸೇರಿದ್ದ ಕೈವಾರದಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ ಮೂರು ದಿನ ಹಗಲಿರುಳೂ ಸಂಗೀತ ನಡೆಯುತ್ತದೆ. ಬಳೆ ಮಾರುತ್ತಿದ್ದ ಅಲ್ಲಿನ ಸಂತಕವಿ ತಾತಯ್ಯನ ಹೆಸರಲ್ಲಿ ವಿದ್ವಾಂಸರೂ ಹಾಡುತ್ತಾರೆ, ಭಜನೆಯವರೂ ಹಾಡುತ್ತಾರೆ. ಕೇಳುವವರು ಬೇಕಾದಾಗ ಬಂದು, ಊಟ ಮಾಡಿ, ಅಲ್ಲೇ ಒರಗಿ, ಎದ್ದು ಮತ್ತೆ ಕೇಳುತ್ತಾರೆ.

ಹಳ್ಳಿ ನಾಟಕದಲ್ಲಿ ಈಗ ಎಲ್ಲವೂ ಚೆನ್ನಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸ್ಪೀಕರಿನ ಅಬ್ಬರ ಹೆಚ್ಚಾಗಿ ಕಂಠದ ನಯ ಕೇಳುವುದಿಲ್ಲ. ಕಾಲು ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡು ಬಂದಿದೆ.  ಕಲಿಸುವ ಮೇಷ್ಟ್ರುಗಳು ಕಡಿಮೆಯಾಗುತ್ತಿದ್ದಾರೆ. ಅವರಿಗೆ ಒಂದು ಶಾಲೆಯಿಲ್ಲ, ಅವರು ಹಾಕಿದ ಮಟ್ಟುಗಳನ್ನು ಕ್ರಮವಾಗಿ ಬರೆದಿಟ್ಟವರಿಲ್ಲ. ಆದರೂ 1963ರಲ್ಲಿ ಕಟ್ಟಿದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಇವತ್ತಿಗೂ ‘ಕುರುಕ್ಷೇತ್ರ’ ಆಡುವ ಹವ್ಯಾಸಿಗಳಿದ್ದಾರೆ. ಪಾರ್ಟಿಗೆ ದುಡ್ಡು ಕೊಡುವವರೂ ಇದ್ದಾರೆ. ಸಂಗೀತದ ಕಾಲೇಜುಗಳು, ಅಕಾಡೆಮಿಗಳು ಈ ಮೇಷ್ಟ್ರುಗಳನ್ನು ಒಮ್ಮೆ ತರಗತಿಗೆ ಕರೆದು, ಕೇಳುವವನನ್ನು ಬೆಳಗಿನ ಜಾವದವರೆಗೆ ಹೇಗೆ ಹಿಡಿದಿಡುತ್ತೀರಿ ಎಂದು ಕೇಳಬೇಕು ಎಂಬುದು ನನ್ನ ಬೇಡಿಕೆ.

ಅಣ್ಣನ ಮಗಳನ್ನು ಹೋದ ಸಂಕ್ರಾಂತಿಗೆ ದೊಡ್ಡಪ್ಪನ ಹತ್ತಿರ ಕರೆದುಕೊಂಡು ಹೋದೆ. ಈಗ ಅವರಿಗೆ ಎಂಬತ್ತು ದಾಟಿದೆ. ಹಲ್ಲು ಬಿದ್ದಿವೆ, ಶ್ರುತಿ ಮಾತ್ರ ಬಿದ್ದಿಲ್ಲ. ಅವಳು ಫೋನು ತೆಗೆದು, 1990ರಲ್ಲಿ ರೋಮಿನ ಹಳೆಯ ಸ್ನಾನಗೃಹಗಳ ಪಾಳಿನಲ್ಲಿ ಪವರೋಟಿ ಹಾಡಿದ ಒಪೆರಾದ ಹಾಡನ್ನು ಹಾಕಿದಳು. ಪುಚ್ಚೀನಿ ಎಂಬಾತ ಬರೆದು ಮುಗಿಸದೆ ಸತ್ತ, 1926ರಲ್ಲಿ ಮಿಲಾನಿನಲ್ಲಿ ಮೊದಲು ಆಡಿದ ‘ತುರಂದೋತ್’ನ ಹಾಡು ಅದು. ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿದರು.

‘ಗಂಟ್ಲು ಚೆನ್ನಾಗೈತೆ. ಯಾವ ಪಾರ್ಟು ಇವನ್ದು?’

ಅವಳು ಹೇಳಿದಳು. ಒಬ್ಬ ರಾಜಕುಮಾರಿ, ಒಗಟು ಬಿಡಿಸದ ಗಂಡಸರ ತಲೆ ತೆಗೆಸುವವಳು. ಇವನು ಒಗಟು ಬಿಡಿಸಿದ. ಅವಳಿಗೆ ಇವನನ್ನು ಮದುವೆಯಾಗಲು ಇಷ್ಟವಿಲ್ಲ. ಬೆಳಗಾಗುವುದರೊಳಗೆ ನನ್ನ ಹೆಸರು ಕಂಡುಹಿಡಿದರೆ ನನ್ನ ತಲೆ ನಿನ್ನದು ಎಂದು ಇವನೇ ಪಣ ಕಟ್ಟಿದ. ಹೆಸರು ಸಿಗುವವರೆಗೆ ಊರಲ್ಲಿ ಒಬ್ಬರೂ ಮಲಗಕೂಡದು ಎಂದು ಅವಳು ಡಂಗುರ ಹೊಡೆಸಿದ್ದಾಳೆ. ಆ ರಾತ್ರಿ ಇವನೊಬ್ಬನೇ ನಿಂತು ಹಾಡುತ್ತಿದ್ದಾನೆ.

ದೊಡ್ಡಪ್ಪ ಎದ್ದು ಕೂತರು. ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ‘ಅಂಗ್ ಮೊದ್ಲೇ ಏಳ್ಬಾರ್ದಾ ಮಗಾ! ಇನ್ನೊಂದ್ ಸಲ ಆಕು.’

ಅವಳು ಹಾಕಿದಳು. ಈ ಸಲ ಅವರ ಬಲಗೈ ಮೇಲೇಳುತ್ತ ಹೋಯಿತು, ಮೈಕಿನ ಕೆಳಗೆ ನಿಂತಾಗ ಏಳುತ್ತಿದ್ದ ಹಾಗೇ. ಕೊನೆಯಲ್ಲಿ ಆ ದೊಡ್ಡ ಸ್ವರ ಬಂದು, ನಿಂತು, ಮುಗಿದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

‘ಬೆಳಗಾಯ್ತಾ ಅವನಿಗೆ?’ ಎಂದು ಕೇಳಿದರು.